ತಣ್ಣನೆ ಜಾಗವೇ ಇಲ್ಲದ ಮನೆಯಲ್ಲಿ ಹಿತ್ತಲ ಆಲೂಗೆಡ್ಡೆ ಉಳಿಸಿಕೊಳ್ಳುವುದು ಹೇಗೆ?

ಮಳೆಗಾಲ ಮುಗಿದ ಮೇಲೆ ಹಿತ್ತಲಲ್ಲೋ, ಅಂಗಳದ ಗ್ರೋ ಬ್ಯಾಗುಗಳಲ್ಲೋ ನಾಲ್ಕು ಸಾಲು ಆಲೂಗೆಡ್ಡೆ ಹಾಕಿ ನೋಡುವವರು ಮಲೆನಾಡಿನಲ್ಲಿ ಈಗ ಅಲ್ಲಲ್ಲಿ ಸಿಗುತ್ತಾರೆ. ಬೆಳೆಯುವುದು ಅಂಥ ಕಷ್ಟವಲ್ಲ. ತೊಂದರೆ ಶುರುವಾಗುವುದು ಸಂಕ್ರಾಂತಿ ಹೊತ್ತಿಗೆ, ಅಗೆದಾಗ. ಟೊಮೆಟೊ, ಬೆಂಡೆ ಥರ ದಿನಾ ಸ್ವಲ್ಪ ಸ್ವಲ್ಪ ಬರುವ ತರಕಾರಿ ಅಲ್ಲ ಇದು, ಒಂದೇ ದಿನಕ್ಕೆ ಇಪ್ಪತ್ತು ಮೂವತ್ತು ಕೆಜಿ ಮನೆಯೊಳಗೆ ಬಂದು ಕೂರುತ್ತದೆ. ಅಷ್ಟನ್ನೂ ಎಲ್ಲಿ ಇಡೋದು?

ಈ ಬಗ್ಗೆ ಓದಲು ಸಿಗುವ ಸಲಹೆಗಳು ಹೆಚ್ಚಿನವು ಚಳಿ ದೇಶಗಳವು. ನೆಲಮಾಳಿಗೆಯಲ್ಲಿಡಿ, ಆರು ತಿಂಗಳು ಬರುತ್ತದೆ ಅನ್ನುತ್ತವೆ. ನಮಗೆ ನೆಲಮಾಳಿಗೆ ಎಲ್ಲಿಂದ ಬರಬೇಕು? ಶಿವಮೊಗ್ಗದಲ್ಲಿ ಜನವರಿಯ ರಾತ್ರಿ 15 ಡಿಗ್ರಿ ಆಸುಪಾಸಿಗೆ ಇಳಿದರೂ ಮಧ್ಯಾಹ್ನ 30ರ ಹತ್ತಿರ ಹೋಗುತ್ತದೆ. ಹಳೆಯ ಮಣ್ಣುಗೋಡೆಯ ಮನೆಗಳಲ್ಲಾದರೆ ಒಂದು ಕತ್ತಲೆ ಕೋಣೆ ತಂಪಾಗಿರುತ್ತಿತ್ತು. ಈಗಿನ ತಾರಸಿ ಮನೆಯಲ್ಲಿ ಬಿಸಿಲು ಇಳಿದ ಮೇಲೂ ಗೋಡೆ ಬೆಚ್ಚಗೇ ಇರುತ್ತದೆ. ಹಾಗಾದರೆ ಇಲ್ಲಿ ಆಲೂಗೆಡ್ಡೆ ಉಳಿಸಲು ಆಗುವುದೇ ಇಲ್ವಾ? ಆಗುತ್ತದೆ. ಆರು ತಿಂಗಳಲ್ಲ, ಎರಡರಿಂದ ಎರಡೂವರೆ ತಿಂಗಳು. ಅದಕ್ಕೆ ಚಳಿಯನ್ನು ಹುಡುಕಿಕೊಂಡು ಹೋಗುವುದಕ್ಕಿಂತ ಗೆಡ್ಡೆಗೆ ಸಹಜವಾಗಿಯೇ ಇರುವ ಒಂದು ಗುಣವನ್ನು ಬಳಸಿಕೊಳ್ಳುವುದು ಮೇಲು. ಆ ಗುಣ ಯಾವುದು ಅಂತ ಮೊದಲು ನೋಡೋಣ.

ಅಗೆದ ಮೇಲೂ ಅದು ಜೀವಂತ

ಆಲೂಗೆಡ್ಡೆ ಬೇರಲ್ಲ, ಮಣ್ಣಿನೊಳಗೆ ಊದಿಕೊಂಡ ಕಾಂಡ. ಅದರ ಮೇಲಿನ ಕಣ್ಣುಗಳು ಅಂದರೆ ಮೊಗ್ಗುಗಳು. ಮುಂದಿನ ಗಿಡಕ್ಕೆ ಬೇಕಾದ ಪಿಷ್ಟವನ್ನೂ ನೀರನ್ನೂ ಗಿಡ ಅದರೊಳಗೆ ಕೂಡಿಟ್ಟಿರುತ್ತದೆ. ತೂಕದ ಐದು ಪಾಲಿನಲ್ಲಿ ಸುಮಾರು ನಾಲ್ಕು ಪಾಲು ನೀರೇ.

ಮಣ್ಣಿಂದ ತೆಗೆದ ಮಾತ್ರಕ್ಕೆ ಇದು ಸಾಯುವುದಿಲ್ಲ. ಉಸಿರಾಡುತ್ತಲೇ ಇರುತ್ತದೆ. ಗಾಳಿಯಿಂದ ಆಮ್ಲಜನಕ ತೆಗೆದುಕೊಂಡು, ತನ್ನ ಪಿಷ್ಟವನ್ನು ಸಕ್ಕರೆ ಮಾಡಿ ಸುಟ್ಟು, ಇಂಗಾಲದ ಡೈಆಕ್ಸೈಡ್, ನೀರಾವಿ ಮತ್ತು ಒಂದಿಷ್ಟು ಶಾಖವನ್ನು ಹೊರಗೆ ಬಿಡುತ್ತದೆ. ಸೆಖೆ ಜಾಸ್ತಿ ಆದಷ್ಟೂ ಈ ಉಸಿರಾಟ ಜೋರಾಗುತ್ತದೆ. ಒಂದು ಗೆಡ್ಡೆ ಬಿಡುವ ಶಾಖ ಲೆಕ್ಕಕ್ಕಿಲ್ಲ. ಆದರೆ ಒಂದು ಚೀಲ ಗೆಡ್ಡೆಯನ್ನು ಬಾಯಿ ಕಟ್ಟಿ ಮೂಲೆಗೆ ತಳ್ಳಿದರೆ ನಡುವಿನವು ತಮ್ಮದೇ ಶಾಖಕ್ಕೆ ಬೆಚ್ಚಗಾಗುತ್ತವೆ, ತಮ್ಮದೇ ಆವಿಗೆ ಬೆವರುತ್ತವೆ. ಪ್ಲಾಸ್ಟಿಕ್ ಚೀಲದಲ್ಲಿ ಇನ್ನೂ ಕಷ್ಟ. ಉಸಿರಿಗೆ ಗಾಳಿ ಸಾಲದೆ ಗೆಡ್ಡೆಯ ಒಳತಿರುಳೇ ಕಪ್ಪಾಗಿಬಿಡಬಹುದು. ಹೊರಗಿಂದ ನೋಡಿದರೆ ಚೆನ್ನಾಗಿಯೇ ಕಾಣುತ್ತದೆ, ಕುಯ್ದಾಗ ನಡುವೆ ಕರಿ ಮಚ್ಚೆ. ಸೆಖೆಯಲ್ಲಿ ಗಾಳಿಯಾಡದೆ ಉಳಿದ ಗೆಡ್ಡೆಯಲ್ಲಿ ಇದು ಕಾಣಿಸಿಕೊಳ್ಳುತ್ತದೆ.

ಅದರ ನಿದ್ದೆಯೇ ನಮಗೆ ಸಿಗುವ ಸಮಯ

ಇನ್ನು ಆ ಗುಣದ ವಿಷಯ. ಹೊಸದಾಗಿ ಅಗೆದ ಆಲೂಗೆಡ್ಡೆ ನೀರು, ಬಿಸಿ, ಮಣ್ಣು ಎಲ್ಲ ಸಿಕ್ಕರೂ ತಕ್ಷಣ ಮೊಳೆಯುವುದಿಲ್ಲ. ಕೆಲವು ವಾರ ನಿದ್ದೆ ಮಾಡುತ್ತದೆ. ಇದಕ್ಕೆ ಸುಪ್ತಾವಸ್ಥೆ ಅನ್ನುತ್ತಾರೆ. ತಳಿಯ ಮೇಲೆ ಹೋಗುತ್ತದೆ ಇದು, ಆದರೂ ನಮ್ಮ ದೇಶದ ತಳಿಗಳಲ್ಲಿ ಸಾಮಾನ್ಯವಾಗಿ ಆರರಿಂದ ಹತ್ತು ವಾರ ಅಂತ ಇಟ್ಟುಕೊಳ್ಳಬಹುದು. ಅಷ್ಟು ಕಾಲ ಅದನ್ನು ಮೊಳೆಯದಂತೆ ತಡೆಯಲು ನಾವು ಏನೂ ಮಾಡಬೇಕಿಲ್ಲ, ಅದೇ ಮಲಗಿರುತ್ತದೆ. ಕೊಳೆಯದಂತೆ, ಒಣಗದಂತೆ, ಹಸಿರಾಗದಂತೆ ನೋಡಿಕೊಂಡರೆ ಸಾಕು.

ಈ ನಿದ್ದೆಯನ್ನು ಬೇಗ ಕೆಡಿಸುವ ಸಂಗತಿಗಳಿವೆ. ಸೆಖೆ ಒಂದು. ಒಂದೇ ದಿನದಲ್ಲಿ ತಂಪು, ಸೆಖೆ ಅಂತ ವಿಪರೀತ ಏರಿಳಿತ ಆಗುವುದು ಇನ್ನೊಂದು. ಗಾಯ, ರೋಗ ಕೂಡ. ಹಾಗಾಗಿ ಸದಾ 24 ಡಿಗ್ರಿ ಇರುವ ಮೂಲೆ, ರಾತ್ರಿ 16 ಮತ್ತು ಮಧ್ಯಾಹ್ನ 32 ಆಗುವ ತಗಡಿನ ಶೆಡ್ಡಿಗಿಂತ ವಾಸಿ.

ಅಂಗಡಿಯಿಂದ ತಂದ ಆಲೂಗೆಡ್ಡೆ ಹತ್ತು ದಿನಕ್ಕೇ ಮೊಳಕೆ ಬಂತಲ್ಲ, ನಮ್ಮದು ಹೇಗೆ ಎರಡು ತಿಂಗಳು ಇರುತ್ತದೆ ಅಂತ ಅನುಮಾನ ಬರಬಹುದು. ಉತ್ತರ ಭಾರತದ ಬಯಲಲ್ಲಿ ಫೆಬ್ರುವರಿ, ಮಾರ್ಚಿನಲ್ಲಿ ಅಗೆದ ಗೆಡ್ಡೆ ಶೀತಲಗೃಹಕ್ಕೆ ಹೋಗಿ ನವೆಂಬರ್‌ವರೆಗೂ ಸ್ವಲ್ಪ ಸ್ವಲ್ಪವಾಗಿ ಪೇಟೆಗೆ ಬರುತ್ತಿರುತ್ತದೆ. ಅಂಥದ್ದರ ನಿದ್ದೆಯ ಅವಧಿ ಒಳಗೇ ಮುಗಿದಿರುತ್ತದೆ. ಬರೀ ಚಳಿಗೆ ಸುಮ್ಮನಿರುತ್ತದೆ, ನಮ್ಮ ಅಡುಗೆಮನೆಯ ಬಿಸಿ ತಾಗಿದ ಕೂಡಲೇ ಮೊಳೆಯುತ್ತದೆ. ನಿಮ್ಮ ಹಿತ್ತಲಲ್ಲಿ ಈಗ ತಾನೆ ಅಗೆದದ್ದಕ್ಕೆ ಪೂರ್ತಿ ನಿದ್ದೆ ಇನ್ನೂ ಬಾಕಿ ಇರುತ್ತದೆ.

ನಮ್ಮ ಕಾಲಮಾನಕ್ಕೂ ಇದು ಚೆನ್ನಾಗಿ ಹೊಂದುತ್ತದೆ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡುತ್ತದೆ ಅನ್ನುತ್ತಾರಲ್ಲ, ಸಂಕ್ರಾಂತಿಗೆ ಅಗೆದ ಗೆಡ್ಡೆಯ ನಿದ್ದೆಯ ಮೊದಲ ಅರ್ಧ ತಂಪು ದಿನಗಳಲ್ಲೇ ಕಳೆಯುತ್ತದೆ. ಯುಗಾದಿವರೆಗೆ ಮನೆ ಗೆಡ್ಡೆ ತಿನ್ನುತ್ತೇನೆ ಅನ್ನುವ ಗುರಿ ಇಟ್ಟುಕೊಳ್ಳಿ. ವಾರಕ್ಕೆ ಎರಡು ಕೆಜಿ ಖರ್ಚಾಗುವ ಮನೆಗೆ ಅದು ಇಪ್ಪತ್ತು ಕೆಜಿ ಚಿಲ್ಲರೆ. ಅದಕ್ಕಿಂತ ಹೆಚ್ಚಿಗೆ ಬಂದರೆ ನೆಂಟರಿಗೆ ಕೊಡಿ, ಇಲ್ಲಾ ಒಣಗಿಸಿ. ಒಣಗಿಸುವ ವಿಷಯ ಕೊನೆಯಲ್ಲಿದೆ.

ಅಗೆಯುವ ಮೊದಲೇ ಅರ್ಧ ಕೆಲಸ

ಗೆಡ್ಡೆ ಎಷ್ಟು ದಿನ ಉಳಿಯುತ್ತದೆ ಅನ್ನುವುದು ಬುಟ್ಟಿಗೆ ಹಾಕಿದ ಮೇಲೆ ತೀರ್ಮಾನವಾಗುವ ಸಂಗತಿ ಅಲ್ಲ. ಗಿಡ ಹಳದಿಯಾಗಿ ಬಾಗತೊಡಗಿದಾಗಲೇ ನೀರು ನಿಲ್ಲಿಸಬೇಕು. ಆಮೇಲೆ ಗಿಡವನ್ನು ನೆಲಮಟ್ಟಕ್ಕೆ ಕೊಯ್ದು, ಗೆಡ್ಡೆಯನ್ನು ಹತ್ತರಿಂದ ಹದಿನೈದು ದಿನ ಮಣ್ಣಲ್ಲೇ ಬಿಡಬೇಕು. ಈ ದಿನಗಳಲ್ಲಿ ಸಿಪ್ಪೆ ಬಲಿಯುತ್ತದೆ.

ಬಲಿತಿದೆಯೋ ಇಲ್ಲವೋ ನೋಡುವುದು ಸುಲಭ. ಒಂದು ಗೆಡ್ಡೆ ಕಿತ್ತು, ಮಣ್ಣು ಒರೆಸಿ, ಹೆಬ್ಬೆರಳನ್ನು ಒತ್ತಿ ಪಕ್ಕಕ್ಕೆ ತಳ್ಳಿ. ಎಳೆಯದಾದರೆ ಸಿಪ್ಪೆ ಈರುಳ್ಳಿಯ ಪೊರೆ ಹಾಗೆ ಸುಕ್ಕುಗಟ್ಟಿ ಜಾರುತ್ತದೆ, ಕೆಳಗೆ ಹಸಿಹಸಿ ಹಳದಿ ತಿರುಳು ಮಿನುಗುತ್ತದೆ, ಬೆರಳಿಗೆ ನೀರು ಅಂಟುತ್ತದೆ. ಬಲಿತದ್ದರ ಸಿಪ್ಪೆ ಜಗ್ಗುವುದಿಲ್ಲ. ಬೆರಳೇ ಜಾರುತ್ತದೆ. ಹೀಗೆ ಆಗುವವರೆಗೆ ಪೂರ್ತಿ ಅಗೆಯಬೇಡಿ.

ಹಾಗಾದರೆ ಮಣ್ಣಲ್ಲೇ ಬಿಟ್ಟು ಬೇಕಾದಾಗ ಕಿತ್ತರೆ ಆಯ್ತಲ್ಲ ಅನ್ನುವವರಿದ್ದಾರೆ. ಮಣ್ಣು ಒಣಗಿದ್ದರೆ, ನೆರಳಿದ್ದರೆ ಎರಡು ಮೂರು ವಾರ ಹೀಗೆ ತಳ್ಳಬಹುದು, ಮೇಲೆ ಒಂದು ಪದರ ದರಗು ಹಾಕಿದರೆ ಮಣ್ಣೂ ಕಾಯುವುದಿಲ್ಲ. ಅದಕ್ಕಿಂತ ಜಾಸ್ತಿ ಬೇಡ. ಪಕ್ಕದ ಅಡಿಕೆ ತೋಟಕ್ಕೆ ಬಿಟ್ಟ ನೀರು ಹರಿದು ಬಂದರೆ ಗೆಡ್ಡೆ ಕೊಳೆಯುತ್ತದೆ. ಹೆಗ್ಗಣ, ಮುಳ್ಳುಹಂದಿ, ಕಾಡುಹಂದಿ ಇರುವ ಕಡೆಯಲ್ಲಂತೂ ಒಂದೇ ರಾತ್ರಿಗೆ ಸಾಲು ಖಾಲಿ.

ಅಗೆಯುವಾಗ ಬಿಸಿಲು ಏರುವ ಮೊದಲೇ ಮುಗಿಸಿ. ಗುದ್ದಲಿಯನ್ನು ಸಾಲಿನಿಂದ ದೂರಕ್ಕೆ ಹಾಕಿ ಮಣ್ಣು ಮಗುಚಿ, ಕೈಯಲ್ಲೇ ಹೆಕ್ಕಿ. ಬುಟ್ಟಿಗೆ ಎಸೆಯಬೇಡಿ. ಗೆಡ್ಡೆ ಗಟ್ಟಿ ಕಂಡರೂ ಒಳಗೆ ಮೆತ್ತಗೆ ಪೆಟ್ಟಾಗುತ್ತದೆ, ಆಮೇಲೆ ಅಲ್ಲೇ ಕಪ್ಪಾಗುತ್ತದೆ. ತೊಳೆಯುವುದಂತೂ ಬೇಡವೇ ಬೇಡ. ಒಣಗಿದ ಮಣ್ಣು ಕೈಯಲ್ಲಿ ಉಜ್ಜಿದರೆ ಉದುರುವಷ್ಟು ಉದುರಲಿ, ಉಳಿದದ್ದು ಇರಲಿ. ಸಿಪ್ಪೆಯ ಮೇಲೆ ನೀರಿನ ಪದರ ನಿಂತರೆ ಒಳಗೆ ಗಾಳಿ ಹೋಗುವುದಿಲ್ಲ. ಮೆತ್ತಗಿನ ಕೊಳೆ ತರುವ ಬ್ಯಾಕ್ಟೀರಿಯಾಕ್ಕೆ ಅದೇ ಬೇಕಾಗಿರುವುದು.

ಗಾಯ ಮಾಯಲು ಎರಡು ವಾರ

ಎಷ್ಟೇ ಜೋಪಾನ ಮಾಡಿದರೂ ಸಣ್ಣಪುಟ್ಟ ಗೀರು ಆಗಿಯೇ ಆಗುತ್ತದೆ. ಮಕ್ಕಳ ಮಂಡಿ ತರಚಿದಾಗ ಹಕ್ಕಳೆ ಕಟ್ಟಿ ಕೆಳಗೆ ಹೊಸ ಚರ್ಮ ಬರುತ್ತದಲ್ಲ, ಆಲೂಗೆಡ್ಡೆಯೂ ಹಾಗೇ ಗಾಯದ ಮೇಲೆ ಬೆಂಡಿನಂಥ ಪದರ ಕಟ್ಟಿಕೊಳ್ಳುತ್ತದೆ. ಈ ಪದರ ನೀರು ಹೊರಗೆ ಹೋಗದಂತೆಯೂ ರೋಗ ಒಳಗೆ ಬಾರದಂತೆಯೂ ತಡೆಯುತ್ತದೆ. ಇದಕ್ಕೆ ಅವಕಾಶ ಕೊಡುವುದನ್ನೇ ಹದ ಮಾಡುವುದು, ಕ್ಯೂರಿಂಗ್ ಅನ್ನುತ್ತಾರೆ.

ಇಲ್ಲಿ ನಮ್ಮ ಹವೆಯೇ ನಮ್ಮ ಪರ. ಹದ ಆಗಲು ಚಳಿ ಬೇಕಿಲ್ಲ, 15ರಿಂದ 20 ಡಿಗ್ರಿ ಒಳ್ಳೆಯದು, 25ರವರೆಗೂ ನಡೆಯುತ್ತದೆ. ಗಾಳಿಯಲ್ಲಿ ತೇವ ಇರಬೇಕು, ಆದರೆ ಗೆಡ್ಡೆ ಒದ್ದೆ ಆಗಬಾರದು. ಮಲೆನಾಡಿನ ಜನವರಿಯ ರಾತ್ರಿ, ಬೆಳಗು ಅಂದರೆ ಹೆಚ್ಚುಕಮ್ಮಿ ಇದೇ. ಬಿಸಿಲು ಬೀಳದ, ಕತ್ತಲೆ ಇರುವ, ಗಾಳಿಯಾಡುವ ಕೋಣೆಯ ನೆಲಕ್ಕೆ ಗೋಣಿತಾಟು ಹಾಸಿ, ಗೆಡ್ಡೆಗಳನ್ನು ಒಂದೇ ಪದರ ಹರಡಿ. ಮೇಲೆ ಇನ್ನೊಂದು ಗೋಣಿ ಸಡಿಲವಾಗಿ ಹೊದಿಸಿ. ಹತ್ತರಿಂದ ಹದಿನೈದು ದಿನ ಹಾಗೇ ಬಿಡಿ.

ಆಮೇಲೆ ಆರಿಸಿ. ಗುದ್ದಲಿ ತಾಗಿ ಸೀಳಿದ್ದು, ಹುಳ ಕೊರೆದದ್ದು, ಮೆತ್ತಗಾದದ್ದು, ಸಿಪ್ಪೆ ಸುಲಿದದ್ದು ಇವುಗಳನ್ನು ಬೇರೆ ಮಾಡಿ. ಕೊಳೆತದ್ದನ್ನು ಬಿಸಾಡಿ, ಮಿಕ್ಕಿದ್ದನ್ನು ಈ ವಾರವೇ ಪಲ್ಯ, ಸಾಗು ಮಾಡಿ ಮುಗಿಸಿ. ಸಣ್ಣ ಗೋಲಿಗಾತ್ರದವೂ ಬೇಗ ಸುಕ್ಕಾಗುತ್ತವೆ, ಅವನ್ನೂ ಮೊದಲು ತಿನ್ನಿ. ಪೂರ್ತಿ ಸಿಪ್ಪೆ ಇರುವ, ಗಟ್ಟಿಯಾದ, ಗಾಯ ಮಾಗಿದ ಗೆಡ್ಡೆಗಳಷ್ಟೇ ಇಡುವ ಲೆಕ್ಕಕ್ಕೆ ಬರಬೇಕು. ಇಲ್ಲಿ ದಾಕ್ಷಿಣ್ಯ ಮಾಡಬೇಡಿ. ಅರ್ಧ ಕೆಜಿ ಉಳಿಸಲು ಹೋಗಿ ಬುಟ್ಟಿಯನ್ನೇ ಕಳೆದುಕೊಳ್ಳುವುದು ಇಲ್ಲೇ.

ಮನೆಯಲ್ಲಿ ಯಾವ ಜಾಗ?

ಸಾಮಾನು ಇಡುವ ಜಾಗ ಅಂದರೆ ನಮಗೆ ಮೊದಲು ನೆನಪಾಗುವುದು ಅಟ್ಟ. ಅಡಿಕೆ, ಕಾಳುಮೆಣಸು, ಹುಣಸೆಹಣ್ಣಿಗೆ ಅಟ್ಟ ಸರಿ, ಅವಕ್ಕೆ ಒಣ ಬಿಸಿ ಬೇಕು. ಆಲೂಗೆಡ್ಡೆಗೆ ಅದು ತೀರಾ ಕೆಟ್ಟ ಜಾಗ. ಬಿಸಿ ಗಾಳಿ ಮೇಲಕ್ಕೆ ಏರುತ್ತದೆ, ಹೆಂಚೋ ತಾರಸಿಯೋ ಹತ್ತಿರದಲ್ಲೇ ಕಾಯುತ್ತಿರುತ್ತದೆ. ಅಡುಗೆಮನೆಯ ಸಜ್ಜಾದ ಮೇಲೂ ಅದೇ ಕಥೆ. ಬಚ್ಚಲುಮನೆ ಹಂಡೆಯೊಲೆಯಿಂದ ಬೆಚ್ಚಗೆ, ಸಾಲದ್ದಕ್ಕೆ ನೀರು. ಕೊಟ್ಟಿಗೆಯ ಪಕ್ಕ ಹಸಿ ಮತ್ತು ಶಾಖ. ಫ್ರಿಜ್ಜಿನ ಪಕ್ಕದ ಸಂದಿ ನೆರಳಾಗಿ ಕಂಡರೂ ಫ್ರಿಜ್ಜಿನ ಹಿಂಭಾಗ ಬಿಸಿ ಬಿಡುತ್ತಲೇ ಇರುತ್ತದೆ.

ಹುಡುಕಬೇಕಾದದ್ದು ನೆಲಮಟ್ಟದಲ್ಲಿ, ಉತ್ತರ ಅಥವಾ ಪೂರ್ವದ ಗೋಡೆಯ ಒಳಬದಿಯಲ್ಲಿ, ಮಧ್ಯಾಹ್ನದ ಬಿಸಿಲು ಹೊರಗಿಂದಲೂ ತಾಗದ ಕಡೆ. ಎಷ್ಟೋ ಮನೆಗಳಲ್ಲಿ ಅದು ಒಳಕೋಣೆಯ ಮಂಚದ ಅಡಿ, ಅಥವಾ ಮೆಟ್ಟಿಲ ಕೆಳಗಿನ ಸಂದಿ. ಊಹೆಗೆ ಬಿಡಬೇಡಿ. ಗೋಡೆಗೆ ನೇತುಹಾಕುವ ಸಣ್ಣ ಥರ್ಮಾಮೀಟರ್ ಒಂದನ್ನು ಎರಡು ಮೂರು ಜಾಗದಲ್ಲಿ ಒಂದೊಂದು ದಿನ ಇಟ್ಟು, ಮಧ್ಯಾಹ್ನ ಮೂರು ಗಂಟೆಗೆ ಎಷ್ಟಿದೆ ಅಂತ ಬರೆದುಕೊಳ್ಳಿ. ಒಂದೇ ಮನೆಯೊಳಗೆ ಜಾಗದಿಂದ ಜಾಗಕ್ಕೆ ಇರುವ ವ್ಯತ್ಯಾಸ ಆಗ ಗೊತ್ತಾಗುತ್ತದೆ.

ಇಡಲು ಬೆತ್ತದ ಬುಟ್ಟಿ, ಬಿದಿರ ಹೆಡಿಗೆ, ತೂತುಗಳಿರುವ ತರಕಾರಿ ಕ್ರೇಟು, ರಟ್ಟಿನ ಪೆಟ್ಟಿಗೆಗೆ ಸುತ್ತಲೂ ತೂತು ಮಾಡಿಕೊಂಡದ್ದು, ಯಾವುದಾದರೂ ಆಗುತ್ತದೆ. ನೆಲಕ್ಕೆ ನೇರ ತಾಗದಂತೆ ಅಡಿಗೆ ಎರಡು ಇಟ್ಟಿಗೆ ಅಥವಾ ರೀಪು ಕೊಟ್ಟರೆ ಕೆಳಗಿನಿಂದಲೂ ಗಾಳಿ ಆಡುತ್ತದೆ. ರಾಶಿ ಒಂದು ಅಡಿಗಿಂತ ಎತ್ತರ ಬೇಡ. ಒಂದು ದೊಡ್ಡ ಚೀಲಕ್ಕಿಂತ ನಾಲ್ಕು ಸಣ್ಣ ಬುಟ್ಟಿ ಮೇಲು, ಕೊಳೆ ಹತ್ತಿದರೆ ಒಂದು ಬುಟ್ಟಿಯಲ್ಲೇ ನಿಲ್ಲುತ್ತದೆ. ಒಂದೊಂದು ಪದರದ ನಡುವೆ ಒಣಗಿದ ಭತ್ತದ ಹುಲ್ಲು ಅಥವಾ ಹಳೆಯ ಪೇಪರ್ ಹಾಕಿದರೆ ಗೆಡ್ಡೆಗೆ ಗೆಡ್ಡೆ ತಾಗುವುದು ಕಮ್ಮಿಯಾಗುತ್ತದೆ, ಬೆವರನ್ನೂ ಅದು ಹೀರುತ್ತದೆ. ಮಗೆಸೌತೆಯನ್ನು ಬಾಳೆನಾರಲ್ಲಿ ಕಟ್ಟಿ ಒಂದಕ್ಕೊಂದು ತಾಗದಂತೆ ಜಂತಿಗೆ ನೇತುಹಾಕುತ್ತಿದ್ದದ್ದೂ ಇದೇ ತಿಳಿವಳಿಕೆಯಿಂದ. ಉಮಿಯಲ್ಲಿ ಪೂರ್ತಿ ಹೂತಿಡುವುದು ಮಾತ್ರ ನಮ್ಮ ಸೆಖೆಗೆ ಹೇಳಿಸಿದ್ದಲ್ಲ, ಗೆಡ್ಡೆಯ ಶಾಖ ಒಳಗೇ ಉಳಿಯುತ್ತದೆ.

ಈರುಳ್ಳಿಯನ್ನು ಪಕ್ಕದಲ್ಲಿ ಇಡಬೇಡಿ. ಈರುಳ್ಳಿಗೆ ಒಣ ಗಾಳಿ ಬೇಕು, ಆಲೂಗೆಡ್ಡೆಗೆ ಸ್ವಲ್ಪ ತೇವದ ಗಾಳಿ ಬೇಕು, ಜೊತೆಗಿಟ್ಟರೆ ಒಂದಲ್ಲ ಒಂದು ಕೆಡುತ್ತದೆ. ಹಣ್ಣಾಗಲು ಇಟ್ಟ ಬಾಳೆಗೊನೆಯಿಂದಲೂ ದೂರ ಇರಲಿ. ಹಣ್ಣಾಗುವ ಕಾಯಿಗಳು ಬಿಡುವ ಎಥಿಲೀನ್ ಅನಿಲ ಗೆಡ್ಡೆಯ ಉಸಿರಾಟವನ್ನು ಜೋರು ಮಾಡುತ್ತದೆ.

ಕಿಟಕಿ ತೆಗೆಯುವುದು ಯಾವ ಹೊತ್ತಿಗೆ?

ಗಾಳಿ ಬೇಕು ಅಂತ ಇಡೀ ದಿನ ಕಿಟಕಿ ತೆಗೆದಿಟ್ಟರೆ ಲಾಭಕ್ಕಿಂತ ನಷ್ಟವೇ ಜಾಸ್ತಿ. ಹೊರಗಿನ ಗಾಳಿ ಗೆಡ್ಡೆಗಿಂತ ತಂಪಾಗಿದ್ದಾಗ ಮಾತ್ರ ಒಳಗೆ ಬಿಡಬೇಕು. ಅಂದರೆ ರಾತ್ರಿ ಊಟ ಆದ ಮೇಲೆ ತೆಗೆದು, ಬೆಳಗ್ಗೆ ಬಿಸಿಲು ಬರುವ ಮೊದಲು ಮುಚ್ಚಬೇಕು. ಹಗಲು ಮುಚ್ಚಿಯೇ ಇರಲಿ. ಹೀಗೆ ಮಾಡಿದರೆ ರಾತ್ರಿಯ ತಂಪನ್ನು ಗೆಡ್ಡೆಯ ರಾಶಿಯೂ ಗೋಡೆಯೂ ಹಿಡಿದಿಟ್ಟುಕೊಂಡು ಮಧ್ಯಾಹ್ನದವರೆಗೆ ತಳ್ಳುತ್ತವೆ.

ರಾತ್ರಿಯ ಗಾಳಿಯಲ್ಲಿ ಮಂಜು, ತೇವ ಇರುತ್ತದಲ್ಲ, ಗೆಡ್ಡೆ ಒದ್ದೆ ಆಗಲ್ವಾ ಅಂತ ಕೇಳಬಹುದು. ನಡೆಯುವುದು ಅದರ ಉಲ್ಟಾ. ಫ್ರಿಜ್ಜಿಂದ ತೆಗೆದ ಬಾಟಲಿಯ ಮೇಲೆ ಹನಿ ಕೂರುವುದು ಹೊರಗಿನ ಗಾಳಿ ಬೆಚ್ಚಗಿದ್ದು ಬಾಟಲಿ ತಣ್ಣಗಿರುವುದಕ್ಕೆ. ರಾತ್ರಿಯ ಗಾಳಿ ಗೆಡ್ಡೆಗಿಂತ ತಣ್ಣಗಿರುವ ಕಾರಣ ಅದರ ತೇವ ಗೆಡ್ಡೆಯ ಮೇಲೆ ಹನಿಯಾಗುವುದಿಲ್ಲ. ರಾತ್ರಿಯಿಡೀ ತಂಪಾದ ಗೆಡ್ಡೆಗೆ ಹಗಲಿನ ಬೆಚ್ಚನೆ ಗಾಳಿ ತಾಗಿದಾಗ ಬೆವರು ಕೂರುತ್ತದೆ. ಮಂಜಿನ ಹನಿ ನೇರ ಒಳಗೆ ಬೀಳದಂತೆ ಬುಟ್ಟಿಯನ್ನು ಕಿಟಕಿಯಿಂದ ಸ್ವಲ್ಪ ಸರಿಸಿಟ್ಟರೆ ಸಾಕು.

ಬೆಳಕು ಮತ್ತು ಹಸಿರು

ಆಲೂಗೆಡ್ಡೆ ಕಾಂಡ ಅಂದೆನಲ್ಲ, ಬೆಳಕು ಕಂಡರೆ ಅದಕ್ಕೆ ಹಸಿರಾಗುವ ಸ್ವಭಾವ. ಬಿಸಿಲೇ ಬೇಕಂತಿಲ್ಲ, ಟ್ಯೂಬ್‌ಲೈಟ್ ಬೆಳಕೂ ಸಾಕು. ಹಸಿರು ಬಣ್ಣ ಅಪಾಯವಲ್ಲ, ಅದು ಎಲೆಯಲ್ಲಿರುವ ಪತ್ರಹರಿತ್ತೇ. ಆದರೆ ಅದೇ ಬೆಳಕಿಗೆ ಸೊಲನಿನ್ ಮತ್ತು ಚಾಕೊನಿನ್ ಅನ್ನುವ ಕಹಿ ವಿಷವಸ್ತುಗಳೂ ಹೆಚ್ಚುತ್ತವೆ. ಜಾಸ್ತಿ ಹೊಟ್ಟೆಗೆ ಹೋದರೆ ವಾಂತಿ, ಹೊಟ್ಟೆನೋವು, ಭೇದಿ. ಒಂದು ಕೆಜಿ ಗೆಡ್ಡೆಯಲ್ಲಿ ಇವು 200 ಮಿಲಿಗ್ರಾಂ ದಾಟಬಾರದು ಅನ್ನುವುದು ಸಾಮಾನ್ಯವಾಗಿ ಒಪ್ಪಿಕೊಂಡಿರುವ ಮಿತಿ. ಬೇಯಿಸಿದರೆ ಹೋಗುತ್ತದೆ ಅಂದುಕೊಳ್ಳಬೇಡಿ, ಕುದಿಯುವ ನೀರಿನ ಬಿಸಿಗೆ ಇವು ಒಡೆಯುವುದಿಲ್ಲ.

ಹೆಚ್ಚಿನ ಪಾಲು ಸಿಪ್ಪೆಯಲ್ಲಿ, ಕಣ್ಣುಗಳ ಸುತ್ತ ಮತ್ತು ಮೊಳಕೆಯಲ್ಲಿ ಇರುತ್ತದೆ. ಒಂದು ಕಡೆ ಚೂರು ಹಸಿರಾಗಿದ್ದರೆ ದಪ್ಪಗೆ ಹೆರೆದು ಬಳಸಬಹುದು. ಸುತ್ತಲೂ ಹಸಿರಾಗಿದ್ದರೆ, ಬಾಯಿಗಿಟ್ಟಾಗ ಕಹಿ ಅಥವಾ ಗಂಟಲು ಉರಿ ಅನ್ನಿಸಿದರೆ ಬಿಟ್ಟುಬಿಡಿ. ದನಕ್ಕೂ ಹಾಕಬೇಡಿ, ಅವಕ್ಕೂ ಅದು ವಿಷವೇ. ಕತ್ತಲೆಗೆ ತಂದಿಟ್ಟರೆ ಹಸಿರು ಇನ್ನೂ ಹೆಚ್ಚುವುದು ನಿಲ್ಲುತ್ತದೆ, ಆದದ್ದು ಬೇಗ ಹಿಂದಕ್ಕೆ ಹೋಗುವುದಿಲ್ಲ. ಹಾಗಾಗಿ ಬುಟ್ಟಿಯ ಮೇಲೆ ದಪ್ಪ ಗೋಣಿ ಅಥವಾ ಕಪ್ಪು ಹತ್ತಿಬಟ್ಟೆ ಸದಾ ಇರಲಿ.

ಫ್ರಿಜ್ಜಲ್ಲಿ ಇಟ್ಟರೆ ಆಗಲ್ವಾ?

ಮನೆಯ ಫ್ರಿಜ್ಜು 4 ಡಿಗ್ರಿ ಸುತ್ತಮುತ್ತ ಇರುತ್ತದೆ. ಆ ಚಳಿಗೆ ಗೆಡ್ಡೆ ಮೊಳೆಯುವುದಿಲ್ಲ, ನಿಜ. ಆದರೆ ಅಷ್ಟು ಚಳಿಯಲ್ಲಿ ಪಿಷ್ಟ ಸಕ್ಕರೆಯಾಗಿ ಒಳಗೇ ಸೇರಿಕೊಳ್ಳುತ್ತದೆ. ಉಸಿರಾಟ ನಿಧಾನವಾಗಿರುವ ಕಾರಣ ಆ ಸಕ್ಕರೆ ಖರ್ಚಾಗುವುದೂ ಇಲ್ಲ. ಪೇಟೆಯ ಆಲೂಗೆಡ್ಡೆ ಒಮ್ಮೊಮ್ಮೆ ಸಿಹಿಸಿಹಿ ಇರುತ್ತದಲ್ಲ, 2ರಿಂದ 4 ಡಿಗ್ರಿಯ ಶೀತಲಗೃಹದಲ್ಲಿ ಇದ್ದು ಬಂದದ್ದು ಅದು.

ಇಂಥ ಗೆಡ್ಡೆಯನ್ನು ಎಣ್ಣೆಯಲ್ಲಿ ಕರಿದರೆ ಒಳಗೆ ಬೇಯುವ ಮೊದಲೇ ಹೊರಗೆ ಕಂದಾಗುತ್ತದೆ. ಸಕ್ಕರೆ ಹೆಚ್ಚಿದ್ದಷ್ಟೂ ಕರಿದಾಗ, ಹುರಿದಾಗ ಅಕ್ರಿಲಮೈಡ್ ಅನ್ನುವ ಬೇಡದ ವಸ್ತುವೂ ಹೆಚ್ಚುತ್ತದೆ. ಸ್ವೀಡನ್ನಿನ ವಿಜ್ಞಾನಿಗಳು 2002ರಲ್ಲಿ ಇದನ್ನು ಆಹಾರದಲ್ಲಿ ಗುರುತಿಸಿದ ಮೇಲೆ ಲೋಕಕ್ಕೆಲ್ಲ ಗೊತ್ತಾಯಿತು. ನೀರಲ್ಲಿ ಬೇಯಿಸಿದರೆ ಈ ತೊಂದರೆ ಇಲ್ಲ. ಹಾಗಾಗಿ ಸಾಂಬಾರು, ಹುಳಿ, ಮಸಾಲೆದೋಸೆ ಪಲ್ಯಕ್ಕೆ ಅಂತ ಒಂದೆರಡು ಕೆಜಿ ಫ್ರಿಜ್ಜಲ್ಲಿ ಇಟ್ಟುಕೊಳ್ಳಬಹುದು. ಚಿಪ್ಸ್, ಬೋಂಡಾ, ಬಜ್ಜಿ ಮಾಡುವವರು ಹೊರಗಿಟ್ಟದ್ದನ್ನೇ ಬಳಸಿ. ಫ್ರಿಜ್ಜಲ್ಲಿದ್ದದ್ದನ್ನು ಎರಡು ವಾರ ಹೊರಗೆ ಕತ್ತಲೆಯಲ್ಲಿಟ್ಟರೆ ಸಿಹಿ ಸ್ವಲ್ಪ ಮಟ್ಟಿಗೆ ಇಳಿಯುತ್ತದೆ.

ಮನೆ ಬಳಕೆಯ ಆಲೂಗೆಡ್ಡೆಗೆ ಹೇಳಿಮಾಡಿಸಿದ ಬಿಸಿ 7ರಿಂದ 10 ಡಿಗ್ರಿ. ಮೊಳಕೆಯೂ ತಡವಾಗುತ್ತದೆ, ಸಿಹಿಯೂ ಅಷ್ಟಾಗಿ ಆಗುವುದಿಲ್ಲ. ಅದು ಮನೆಯ ಫ್ರಿಜ್ಜಲ್ಲೂ ಸಿಗುವುದಿಲ್ಲ, ನಮ್ಮ ಹೊರಗಿನ ಹವೆಯಲ್ಲೂ ಸಿಗುವುದಿಲ್ಲ.

ಒದ್ದೆ ಮರಳಿನ ತಂಪು

ಕರೆಂಟಿಲ್ಲದೆ ಒಂದಷ್ಟು ತಂಪು ಮಾಡುವ ದಾರಿ ಒಂದಿದೆ. ನೀರು ಆವಿಯಾಗುವಾಗ ಸುತ್ತಲಿನ ಶಾಖವನ್ನು ಎಳೆದುಕೊಂಡು ಹೋಗುತ್ತದೆ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ಇದನ್ನೇ ಇಟ್ಟುಕೊಂಡು ಹಣ್ಣು ತರಕಾರಿಗೆ ಒಂದು ಶೂನ್ಯಶಕ್ತಿ ಶೀತಲ ಕೋಣೆ ರೂಪಿಸಿತು. ಇಟ್ಟಿಗೆಯ ಎರಡು ಗೋಡೆ, ನಡುವೆ ಸುಮಾರು ಮೂರು ಇಂಚು ಸಂದಿ, ಸಂದಿಯಲ್ಲಿ ಮರಳು, ಬೆಳಗ್ಗೆ ಸಂಜೆ ಮರಳಿಗೆ ನೀರು, ಮೇಲೆ ಹುಲ್ಲಿನ ಮುಚ್ಚಳ, ಇಡೀ ಕೋಣೆಗೆ ನೆರಳು. ಸಿಮೆಂಟು ಬೇಡ, ಹಿತ್ತಲಲ್ಲಿ ಉಳಿದ ಇಟ್ಟಿಗೆಯಲ್ಲೇ ಜೋಡಿಸಬಹುದು.

ಆದರೆ ಇದು ಗಾಳಿ ಒಣಗಿದ್ದಾಗ ಮಾತ್ರ ಕೆಲಸ ಮಾಡುತ್ತದೆ. ಭದ್ರಾವತಿ, ಶಿಕಾರಿಪುರದ ಕಡೆಯ ಬಯಲಲ್ಲಿ ಫೆಬ್ರುವರಿ, ಮಾರ್ಚಿನ ಮಧ್ಯಾಹ್ನಗಳಲ್ಲಿ ಗುಣ ಚೆನ್ನಾಗಿ ಕಾಣುತ್ತದೆ. ತೀರ್ಥಹಳ್ಳಿ, ಹೊಸನಗರದ ಒತ್ತಾದ ತೋಟದ ನಡುವಿನ ಮನೆಗಳಲ್ಲಿ ಗಾಳಿಯಲ್ಲೇ ತೇವ ಇರುವುದರಿಂದ ಅಷ್ಟು ಸಿಗದು. ಮಳೆಗಾಲದಲ್ಲಿ ಏನೂ ಸಿಗದು, ಬಟ್ಟೆಯೇ ಒಣಗದ ಗಾಳಿಯಲ್ಲಿ ಮರಳಿನ ನೀರು ಆವಿಯಾಗುವುದು ಹೇಗೆ? ಮಾಡುವುದಾದರೆ ಗೆಡ್ಡೆಯನ್ನು ಕ್ರೇಟಿನಲ್ಲಿಟ್ಟು ಗೋಡೆಗೆ ತಾಗದಂತೆ ಇಡಿ. ಒಂದು ಹನಿ ನೀರೂ ಅದರ ಮೇಲೆ ಬೀಳಬಾರದು.

ವಾರಕ್ಕೊಮ್ಮೆ ಕೈಯಾಡಿಸಿ

ಇಟ್ಟು ಮರೆಯುವ ಪದಾರ್ಥ ಅಲ್ಲ ಇದು. ವಾರಕ್ಕೊಂದು ದಿನ ಪ್ರತಿ ಬುಟ್ಟಿಯನ್ನೂ ಖಾಲಿ ಮಾಡಿ ನೋಡಬೇಕು. ಕಣ್ಣಿಗಿಂತ ಮೊದಲು ಮೂಗಿಗೆ ಗೊತ್ತಾಗುತ್ತದೆ. ಕೊಳೆತ ಆಲೂಗೆಡ್ಡೆಯ ವಾಸನೆ ಕೊಳೆತ ಮೀನಿನದ್ದಕ್ಕೆ ಹತ್ತಿರ. ವಾಸನೆ ಬಂದ ಬುಟ್ಟಿಯಲ್ಲಿ ಕೊಳೆತದ್ದು ಮಾತ್ರವಲ್ಲ, ಅದರ ರಸ ತಾಗಿ ಒದ್ದೆಯಾದದ್ದನ್ನೂ ತೆಗೆದುಬಿಡಿ. ಹುಲ್ಲು ಬದಲಿಸಿ, ಬುಟ್ಟಿಯನ್ನು ಬಿಸಿಲಲ್ಲಿ ಒಣಗಿಸಿ.

ಕಣ್ಣುಗಳ ಬಳಿ ಮರಳಿನಂಥ ಕಂದು ಪುಡಿ ಕಂಡರೆ ಅದು ಗೆಡ್ಡೆ ಕೊರೆಯುವ ಪತಂಗದ ಮರಿಯ ಹಿಕ್ಕೆ. ಕುಯ್ದರೆ ಒಳಗೆ ಕಪ್ಪು ಸುರಂಗ, ಕೆಲವೊಮ್ಮೆ ಬಿಳಿಚಿದ ಸಣ್ಣ ಹುಳ. ಈ ಪತಂಗ ಸಂಜೆ, ರಾತ್ರಿ ಹಾರಾಡಿ ತೆರೆದಿಟ್ಟ ಗೆಡ್ಡೆಯ ಕಣ್ಣಿನ ಸಂದಿಯಲ್ಲಿ ಮೊಟ್ಟೆ ಇಡುತ್ತದೆ. ಬೆಚ್ಚಗಿನ ಕೋಣೆ ಅದಕ್ಕೆ ಸುಗ್ಗಿ. ಅಗೆದ ಗೆಡ್ಡೆಯನ್ನು ರಾತ್ರಿ ಹೊರಗೆ ಬಿಡಬೇಡಿ, ಅದರದ್ದೇ ಗಿಡದ ಸೊಪ್ಪು ಮುಚ್ಚಬೇಡಿ, ಹುಳ ಸೊಪ್ಪಿಂದಲೇ ಇಳಿದು ಬರುತ್ತದೆ. ಒಣಗಿದ ಲಂಟಾನ ಅಥವಾ ನೀಲಗಿರಿ ಎಲೆಯನ್ನು ಪುಡಿಮಾಡಿ ಗೆಡ್ಡೆಯ ಕೆಳಗೂ ಮೇಲೂ ಒಂದಿಂಚು ಹರಡುವುದು ಬೆಟ್ಟದ ಊರುಗಳ ರೈತರು ಬಳಸುವ ಉಪಾಯ, ಅದರ ವಾಸನೆಗೆ ಪತಂಗ ದೂರ ಉಳಿಯುತ್ತದೆ. ಮಲೆನಾಡಿನ ರಸ್ತೆ ಬದಿಯಲ್ಲಿ ಲಂಟಾನಕ್ಕೆ ಬರವಿಲ್ಲ. ಕಿಟಕಿಗೆ ಸೊಳ್ಳೆಪರದೆಯ ಜಾಲರಿ ಹೊಡೆದರೆ ಇನ್ನೂ ಒಳ್ಳೆಯದು.

ಮೊಳಕೆ ಮೂಡತೊಡಗಿದರೆ ಗಾಬರಿ ಬೇಡ. ಸಾಸಿವೆಯಷ್ಟಿರುವಾಗಲೇ ಚಿವುಟಿ ತೆಗೆಯಿರಿ, ಗೆಡ್ಡೆ ಗಟ್ಟಿ ಇದ್ದರೆ ಕಣ್ಣನ್ನು ಕೆತ್ತಿ ಅಡುಗೆಗೆ ಬಳಸಿ. ಬಿಟ್ಟರೆ ನಷ್ಟ ಬೇಗ ಏರುತ್ತದೆ. ಗೆಡ್ಡೆಗಿರುವ ಬೆಂಡಿನ ಸಿಪ್ಪೆ ಮೊಳಕೆಗೆ ಇಲ್ಲ, ಅದರ ಮೂಲಕ ನೀರು ಎಷ್ಟೋ ಪಟ್ಟು ಜೋರಾಗಿ ಆವಿಯಾಗಿ ಗೆಡ್ಡೆ ಸುಕ್ಕುಗಟ್ಟುತ್ತದೆ. ಉದ್ದ ಮೊಳಕೆ ಬಂದು ಮೆತ್ತಗಾದದ್ದು ತಿನ್ನಲು ಬೇಡ.

ಬೀಜಕ್ಕೆ ಇಡುವುದು ಬೇರೆ ಲೆಕ್ಕ

ತಿನ್ನುವ ಗೆಡ್ಡೆಗೆ ಬೆಳಕು ಶತ್ರು, ಬೀಜದ ಗೆಡ್ಡೆಗೆ ಅದೇ ಮಿತ್ರ. ನೇರ ಬಿಸಿಲಿಲ್ಲದ, ಚೆದುರಿದ ಬೆಳಕಿರುವ ಜಗುಲಿಯಲ್ಲಿ ಒಂದೇ ಪದರ ಹರಡಿಟ್ಟರೆ ಕತ್ತಲೆಯಲ್ಲಿ ಬರುವ ಉದ್ದನೆಯ ಬಿಳಿ ಮೊಳಕೆಯ ಬದಲು ಗಿಡ್ಡ, ದಪ್ಪ, ಹಸಿರು ಮೊಳಕೆ ಬಂದು ಹಾಗೇ ನಿಲ್ಲುತ್ತದೆ. ಪೆರುವಿನ ಲಿಮಾದಲ್ಲಿರುವ ಅಂತಾರಾಷ್ಟ್ರೀಯ ಆಲೂಗೆಡ್ಡೆ ಕೇಂದ್ರ ಈ ವಿಧಾನವನ್ನು ಶೀತಲಗೃಹ ಇಲ್ಲದ ಬೆಟ್ಟದ ರೈತರಿಗಾಗಿ ಹರಡಿತು. ಕೆಲವು ತಿಂಗಳು ಹೀಗೆ ತಳ್ಳಬಹುದು. ಸಂಕ್ರಾಂತಿಯಿಂದ ದೀಪಾವಳಿವರೆಗೆ ಅಂದರೆ ನಡುವೆ ಬೇಸಿಗೆ, ಮಳೆಗಾಲ ಎರಡೂ ಬರುತ್ತವೆ, ಅಷ್ಟು ದಿನಕ್ಕೆ ಫ್ರಿಜ್ಜಿನ ತರಕಾರಿ ಡಬ್ಬವೇ ಗತಿ. ಬೀಜದ ಗೆಡ್ಡೆ ಸಿಹಿಯಾದರೆ ನಷ್ಟವೇನಿಲ್ಲವಲ್ಲ. ಪೇಪರಲ್ಲಿ ಸುತ್ತಿಟ್ಟು, ನೆಡುವ ಎರಡು ಮೂರು ವಾರ ಮೊದಲು ಜಗುಲಿಗೆ ತನ್ನಿ. ವರ್ಷದಿಂದ ವರ್ಷಕ್ಕೆ ಅದೇ ಬೀಜದಲ್ಲಿ ನಂಜುರೋಗ ಸೇರುತ್ತಾ ಹೋಗುತ್ತದೆ, ಮೂರು ನಾಲ್ಕು ವರ್ಷಕ್ಕೊಮ್ಮೆ ಹೊಸ ಬೀಜ ತರುವುದು ಒಳ್ಳೆಯದು.

ನೆಡುವಾಗಲೇ ಇನ್ನೊಂದು ಜಾಣತನ ಮಾಡಬಹುದು. ಎಲ್ಲವನ್ನೂ ಒಂದೇ ದಿನ ಹಾಕಬೇಡಿ. ಒಂದು ಸಾಲು ಅಕ್ಟೋಬರ್ ನಡುವಲ್ಲಿ, ಇನ್ನೊಂದು ನವೆಂಬರ್ ಮೊದಲಲ್ಲಿ, ಮತ್ತೊಂದು ನವೆಂಬರ್ ಕೊನೆಗೆ ಹಾಕಿದರೆ ಕೊಯ್ಲೂ ಹಂತ ಹಂತವಾಗಿ ಬರುತ್ತದೆ, ಕೊನೆಯ ಸಾಲಿನ ನಿದ್ದೆ ಯುಗಾದಿಯಾಚೆಗೂ ಹೋಗುತ್ತದೆ. ಇದಕ್ಕಿಂತ ತಡ ಮಾಡಬೇಡಿ. ಗೆಡ್ಡೆ ಕಟ್ಟಲು ರಾತ್ರಿ 20 ಡಿಗ್ರಿಗಿಂತ ತಂಪಿರಬೇಕು, ಬೇಸಿಗೆ ಹತ್ತಿರವಾದಂತೆ ಗಿಡ ಸೊಂಪಾಗಿ ಬಂದರೂ ಕೆಳಗೆ ಏನೂ ಇರುವುದಿಲ್ಲ.

ಯುಗಾದಿ ಆದ ಮೇಲೂ ಉಳಿದರೆ

ಮಾರ್ಚ್ ಕೊನೆಗೆ ಬಿಸಿಲು 35 ಮುಟ್ಟುತ್ತದೆ, ಆಗ ಹಸಿ ಗೆಡ್ಡೆಯಾಗಿ ಇಡುವ ಆಸೆ ಬಿಡಬೇಕು. ಇಷ್ಟು ದಿನ ನಮ್ಮ ವಿರುದ್ಧ ಇದ್ದ ಬಿಸಿಲೇ ಈಗ ಕೆಲಸಕ್ಕೆ ಬರುತ್ತದೆ. ಆಲೂಗೆಡ್ಡೆಯ ಮೂಲ ನೆಲೆಯಾದ ಆಂಡಿಸ್ ಬೆಟ್ಟದ ಜನ ಅದನ್ನು ರಾತ್ರಿಯ ಹಿಮದಲ್ಲಿ ಹೆಪ್ಪುಗಟ್ಟಿಸಿ, ಹಗಲು ಬಿಸಿಲಲ್ಲಿ ಒಣಗಿಸಿ ವರ್ಷಗಟ್ಟಲೆ ಇಡುತ್ತಾರೆ, ಅದಕ್ಕೆ ಚುನ್ಯೊ ಅನ್ನುತ್ತಾರೆ. ನಮಗೆ ಹಿಮ ಇಲ್ಲ, ಹಪ್ಪಳ ಸಂಡಿಗೆ ಹಾಕುವ ಕೈ ಇದೆ.

ಸಿಪ್ಪೆ ತೆಗೆದು ತೆಳ್ಳಗೆ ಹೆಚ್ಚಿ ನೀರಿಗೆ ಹಾಕಿ, ಎರಡು ಮೂರು ಸಲ ನೀರು ಬದಲಿಸಿ. ಪಿಷ್ಟವೂ ಮೇಲಿನ ಸಕ್ಕರೆಯೂ ಹೋಗುತ್ತದೆ. ಉಪ್ಪು ಹಾಕಿ ಕುದಿಸಿದ ನೀರಿಗೆ ಇಳಿಸಿ, ಬಿಲ್ಲೆ ಬಾಗುವಷ್ಟು ಬೆಂದು ಇನ್ನೂ ಮುರಿಯದೆ ಇರುವಾಗ ತೆಗೆಯಬೇಕು, ಎರಡು ಮೂರು ನಿಮಿಷ ಸಾಕು. ಇದರಿಂದ ಒಣಗುವಾಗ ಕಪ್ಪಾಗುವುದಿಲ್ಲ. ಬಟ್ಟೆಯ ಮೇಲೆ ಒಂದಕ್ಕೊಂದು ತಾಗದಂತೆ ಹರಡಿ, ಸಂಜೆ ಮಂಜು ಬೀಳುವ ಮೊದಲು ಒಳಗೆ ತನ್ನಿ. ಎರಡು ಮೂರು ಒಳ್ಳೆಯ ಬಿಸಿಲಿಗೆ ಒಣಗಿ ಅಂಚು ಮಡಚಿಕೊಳ್ಳುತ್ತದೆ. ಮುರಿದರೆ ಟಕ್ಕನೆ ಎರಡು ಚೂರಾಗಬೇಕು. ಬಾಗಿದರೆ ಒಳಗೆ ಇನ್ನೂ ನೀರಿದೆ, ಜಡಿಮಳೆ ಶುರುವಾದ ವಾರದಲ್ಲೇ ಬೂಸ್ಟು ಹಿಡಿಯುತ್ತದೆ, ಇನ್ನೊಂದು ಬಿಸಿಲು ಕೊಡಿ. ಪೂರ್ತಿ ಆರಿದ ಮೇಲೆ ಗಾಳಿಯಾಡದ ಡಬ್ಬಿಗೆ ತುಂಬಿ, ಆರಿದ್ರಾ ಮಳೆ ಹೊಡೆಯುವಾಗ ಬೇಕಾದಷ್ಟೇ ತೆಗೆದು, ತಕ್ಷಣ ಮುಚ್ಚಳ ಹಾಕಿ, ಕಾದ ಎಣ್ಣೆಗೆ ಬಿಡಿ.